ಟಿಕೆಟ್ ಕೊಡುವವರು ನೀವೇ: ಮಿಷಿಗನ್‌ನ ಆಗಸ್ಟ್ ಚುನಾವಣೆ

(ಮಿಷಿಗನ್‌ನಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2022ರ ಆಗಸ್ಟ್ 2ರಂದು ಡೆಟ್ರಾಯ್ಟ್‌ನಲ್ಲಿ ಒಂದು ಚುನಾವಣೆ ನಡೆಯಿತು. ಗೆದ್ದವರು ಶ್ರೀ ಥಾಣೇದಾರ್. ಬೆಳಗಾವಿಯಲ್ಲಿ ಬೆಳೆದವರು, ಮನೆಮಾತು ಮರಾಠಿ. ರಸಾಯನಶಾಸ್ತ್ರ ಓದಲು ಈ ದೇಶಕ್ಕೆ ಬಂದರು, ಪಿಎಚ್‌ಡಿ ಮಾಡಿದರು, ಆಮೇಲೆ ಉದ್ಯಮಿಯಾದರು. 2018ರಲ್ಲಿ ಇದೇ ರಾಜ್ಯದ ಗವರ್ನರ್ ಆಗಲು ಹೊರಟು, ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆಯಲ್ಲಿ, ಮೂರನೆಯವರಾಗಿ ಸೋತರು. ಎರಡು ವರ್ಷ ಬಿಟ್ಟು ರಾಜ್ಯದ ಶಾಸನಸಭೆಗೆ ಹೋದರು. 2022ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ, ಅಂದರೆ ಹೌಸ್‌ಗೆ, ಮಿಷಿಗನ್‌ನ 13ನೇ ಕ್ಷೇತ್ರದಿಂದ ನಿಂತರು.

ಅವರ ಹೆಸರು ಕೇಳಿದ ಕೂಡಲೇ ನಮ್ಮಲ್ಲಿ ಕೆಲವರಿಗೆ ಹೆಮ್ಮೆ ಆಗುತ್ತದೆ, ಕೆಲವರಿಗೆ ತಕರಾರು ಇರುತ್ತದೆ. ಎರಡನ್ನೂ ಸ್ವಲ್ಪ ಹೊತ್ತು ಬದಿಗಿಡಿ. ಅವರು ಗೆದ್ದ ಲೆಕ್ಕವನ್ನು ಮಾತ್ರ ನೋಡಿ. ಆ ಆಗಸ್ಟ್ ಚುನಾವಣೆಯೇ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅದರಲ್ಲಿ ಒಂಬತ್ತು ಜನ ನಿಂತಿದ್ದರು. ಥಾಣೇದಾರ್ ಅವರಿಗೆ ಬಿದ್ದದ್ದು ಶೇ. 28ರಷ್ಟು ಮತ, ಅಂದರೆ ಸುಮಾರು 22 ಸಾವಿರ. ಕ್ಷೇತ್ರದ ಜನಸಂಖ್ಯೆ 7 ಲಕ್ಷ 75 ಸಾವಿರ. ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿಯ ಎದುರು ಅವರಿಗೆ ಶೇ. 70ಕ್ಕೂ ಜಾಸ್ತಿ ಮತ ಬಂತು. ಅದು ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ, ಅಲ್ಲಿ ಬೇರೆ ಫಲಿತಾಂಶ ಬರುವ ಸಂಭವವೇ ಇರಲಿಲ್ಲ. ಹಾಗಾದರೆ ಅವರು ಸಂಸದರಾದದ್ದು ಯಾವಾಗ? ನವೆಂಬರ್ ಚಳಿಯಲ್ಲಿ ಅಲ್ಲ. ಎಲ್ಲರೂ ಲೇಕ್ ಮಿಷಿಗನ್ ದಡದಲ್ಲಿ ರಜೆ ಕಳೆಯುತ್ತಿದ್ದ ಆಗಸ್ಟ್ ಬಿಸಿಲಲ್ಲಿ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಮಿಷಿಗನ್‌ನಲ್ಲಿ 13 ಹೌಸ್ ಕ್ಷೇತ್ರಗಳಿವೆ. ಅವುಗಳಲ್ಲಿ ಮೂರ್ನಾಲ್ಕನ್ನು ಬಿಟ್ಟರೆ ಉಳಿದ ಕಡೆ ನಿಜವಾದ ಆಯ್ಕೆ ಆಗುವುದು ಆಗಸ್ಟ್‌ನಲ್ಲಿ. ಆದರೆ ಆಗ ಮತ ಹಾಕಲು ಬರುವವರು ಕಡಿಮೆ. 2022ರಲ್ಲಿ ಆಗಸ್ಟ್‌ಗೆ ರಾಜ್ಯದಲ್ಲಿ ಸುಮಾರು 21 ಲಕ್ಷ ಜನ ಬಂದರು, ನವೆಂಬರ್‌ಗೆ ಸುಮಾರು 45 ಲಕ್ಷ. ಅರ್ಧಕ್ಕೂ ಕಡಿಮೆ ಜನ ಸೇರಿ ಆರಿಸಿದ್ದನ್ನು ಉಳಿದವರು ಆಮೇಲೆ ಬಂದು ಒಪ್ಪಿಕೊಳ್ಳುತ್ತಾರೆ. ನಮ್ಮ ಸಮುದಾಯದವರು ಈ ಎರಡನೇ ಗುಂಪಿನಲ್ಲೇ ಜಾಸ್ತಿ ಇದ್ದೇವೆ ಅನ್ನುವುದು ನನ್ನ ಕೊರಗು.

ಇದಕ್ಕೆ ಕಾರಣವೂ ಇದೆ. ನಾವು ಬೆಳೆದ ರಾಜಕೀಯದಲ್ಲಿ ಅಭ್ಯರ್ಥಿಯನ್ನು ಆರಿಸುವುದು ನಮ್ಮ ಕೆಲಸ ಆಗಿರಲಿಲ್ಲ. ಅದು ಹೈಕಮಾಂಡ್ ಕೆಲಸ. ಟಿಕೆಟ್ ಬೇಕಾದವರು ಬೆಂಗಳೂರಿಗೆ, ದೆಹಲಿಗೆ ಓಡಾಡುತ್ತಾರೆ. ಬಿ ಫಾರಂ ಕೈಗೆ ಬಂದ ಮೇಲೆ ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಯಾರಿಗೆ ಟಿಕೆಟ್ ಸಿಕ್ಕಿತು ಅನ್ನುವುದನ್ನು ನಾವು ಪೇಪರಿನಲ್ಲಿ ಓದಿ ತಿಳಿಯುತ್ತೇವೆ. ಆ ಅಭ್ಯಾಸ ಇಲ್ಲಿಗೂ ನಮ್ಮ ಜೊತೆ ವಿಮಾನ ಹತ್ತಿದೆ.

ಇಲ್ಲಿ ಬಿ ಫಾರಂ ಇಲ್ಲ. ಹೌಸ್‌ಗೆ ನಿಲ್ಲುವವರನ್ನು ತಡೆಯುವ ಅಧಿಕಾರ ಪಕ್ಷದ ರಾಜ್ಯಾಧ್ಯಕ್ಷರಿಗಿಲ್ಲ. ಅವರು ಒಬ್ಬರನ್ನು ಬೆಂಬಲಿಸಬಹುದು, ಇನ್ನೊಬ್ಬರಿಗೆ ಬೇಡ ಅಂತ ಬುದ್ಧಿ ಹೇಳಬಹುದು. ಹೆಸರು ಹೊಡೆದು ಹಾಕಲು ಆಗದು. ನಿಲ್ಲಬೇಕು ಅನ್ನುವವರು ಕಾನೂನಿನ ಅರ್ಹತೆಗಳ ಜೊತೆಗೆ ತಮ್ಮ ಕ್ಷೇತ್ರದ ನೋಂದಾಯಿತ ಮತದಾರರ ಕನಿಷ್ಠ 1,000 ಸಹಿಗಳನ್ನು ತರಬೇಕು. 2,000ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಕೊನೆಯ ದಿನ ಏಪ್ರಿಲ್‌ನಲ್ಲಿ, ಸಂಜೆ 4 ಗಂಟೆಗೆ. ಅಷ್ಟೇ.

ಕೇಳಲು ಸುಲಭ. ಮಾಡಲು ಹೊರಟವರಿಗೆ ಗೊತ್ತು ಅದರ ಕಷ್ಟ.

ಆ ಸಹಿ ಹಾಳೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಂದೊಂದು ಸಾಲಿಗೂ ಸಹಿ, ಬಿಡಿಯಾಗಿ ಬರೆದ ಹೆಸರು, ಮನೆ ವಿಳಾಸ, ಜಿಪ್ ಕೋಡ್, ತಾರೀಖು ಬೇಕು. ಕೆಳಗೆ ಸಹಿ ಸಂಗ್ರಹಿಸಿದವರ ಪ್ರಮಾಣ, ಅವರ ಸಹಿ, ಅವರದೊಂದು ತಾರೀಖು. ಸಂಗ್ರಹಿಸಿದವರು ತಮ್ಮ ಸಹಿಯನ್ನು ಸೋಮವಾರವೇ ಹಾಕಿಟ್ಟು, ಅದೇ ಹಾಳೆಗೆ ಮಂಗಳವಾರ ಮತದಾರರ ಸಹಿ ಪಡೆದರೆ ಆ ಸಾಲು ರದ್ದು. ವಿಳಾಸ ಪಕ್ಕದ ಕ್ಷೇತ್ರದ್ದಾದರೆ ರದ್ದು. ಒಂದೇ ಹುದ್ದೆಗೆ ಇಬ್ಬರ ಹಾಳೆಗೆ ಸಹಿ ಹಾಕುವಂತಿಲ್ಲ. ಫಾರ್ಮರ್ಸ್ ಮಾರ್ಕೆಟ್ ಎದುರು ಕ್ಲಿಪ್‌ಬೋರ್ಡ್ ಹಿಡಿದು ನಿಂತ ಹುಡುಗರು ನಿಮ್ಮನ್ನು ಮಾತಾಡಿಸಿದರೆ ಮುಖ ತಿರುಗಿಸಿ ಹೋಗಬೇಡಿ. ಯಾರ ಹಾಳೆ ಅಂತ ಕೇಳಿ, ಓದಿ, ಒಪ್ಪಿಗೆ ಆದರೆ ಸಹಿ ಹಾಕಿ. ಟಿಕೆಟ್ ಹಂಚಿಕೆ ಶುರುವಾಗುವುದು ಅಲ್ಲಿಂದಲೇ.

ಈ ಸಹಿಗಳ ವಿಷಯದಲ್ಲಿ ಎಂಥೆಂಥವರು ಎಡವಿದ್ದಾರೆ ಕೇಳಿ. 2012ರಲ್ಲಿ ಥ್ಯಾಡಿಯಸ್ ಮೆಕಾಟರ್ ಅನ್ನುವ ರಿಪಬ್ಲಿಕನ್ ಸಂಸದರು ಐದು ಸಲ ಗೆದ್ದವರು. ಅದಕ್ಕೂ ಮುಂಚಿನ ವರ್ಷ ರಾಷ್ಟ್ರಾಧ್ಯಕ್ಷ ಹುದ್ದೆಗೂ ಸ್ಪರ್ಧೆ ಘೋಷಿಸಿದ್ದವರು. ಅವರ ಕಡೆಯವರು ಹಳೆಯ ಹಾಳೆಗಳನ್ನು ಜೆರಾಕ್ಸ್ ಮಾಡಿ ಸೇರಿಸಿಬಿಟ್ಟಿದ್ದರು. ಪರಿಶೀಲಿಸಿದಾಗ ಸರಿಯಾದ ಸಹಿ 300 ಕೂಡ ಇರಲಿಲ್ಲ. ಹಾಲಿ ಸಂಸದರ ಹೆಸರೇ ಮತಪತ್ರದಲ್ಲಿ ಇಲ್ಲ! ಅವರು ಜುಲೈನಲ್ಲಿ ರಾಜೀನಾಮೆ ಕೊಟ್ಟರು. ರಿಪಬ್ಲಿಕನ್ ಸಾಲಿನಲ್ಲಿ ಮುದ್ರಿತವಾಗಿ ಉಳಿದದ್ದು ಕೆರ್ರಿ ಬೆಂಟಿವೋಲಿಯೊ ಅವರ ಹೆಸರು. ಹಿಮಸಾರಂಗ ಸಾಕುತ್ತಿದ್ದವರು, ಕ್ರಿಸ್‌ಮಸ್ ಸಮಯದಲ್ಲಿ ಸಾಂಟಾ ವೇಷ ಹಾಕುತ್ತಿದ್ದವರು. ಅವರು ಪ್ರೈಮರಿ ಗೆದ್ದರು, ನವೆಂಬರ್ ಗೆದ್ದರು, ವಾಷಿಂಗ್ಟನ್‌ಗೆ ಹೋದರು. ಎರಡು ವರ್ಷಕ್ಕೆ ಮತ್ತೆ ಪ್ರೈಮರಿ ಬಂದಾಗ ತಮ್ಮದೇ ಪಕ್ಷದ ಡೇವಿಡ್ ಟ್ರಾಟ್ ಎದುರು ಸೋತರು.

2014ರಲ್ಲಿ ಡೆಟ್ರಾಯ್ಟ್‌ನ ಜಾನ್ ಕಾನ್ಯರ್ಸ್ ಅವರಿಗೂ ಇದೇ ಗತಿ ಬಂತು. 1965ರಿಂದ ಸಂಸತ್ತಿನಲ್ಲಿದ್ದ ಹಿರಿಯರು. ಸಹಿ ಸಂಗ್ರಹಿಸಿದವರಲ್ಲಿ ಕೆಲವರು ಸ್ವತಃ ನೋಂದಾಯಿತ ಮತದಾರರಾಗಿರಲಿಲ್ಲ ಅಂತ ಅವರ ಹಾಳೆಗಳು ಬಿದ್ದುಹೋದವು. ಫೆಡರಲ್ ನ್ಯಾಯಾಧೀಶರು ಅಡ್ಡಬಂದು ಹೆಸರನ್ನು ಮತ್ತೆ ಸೇರಿಸಿದರು. 2024ರಲ್ಲಿ ಆಡಂ ಹಾಲಿಯರ್ ಅವರಿಗೆ ಆ ಅದೃಷ್ಟ ಇರಲಿಲ್ಲ. 2022ರಲ್ಲಿ ಥಾಣೇದಾರ್ ಅವರ ಹಿಂದೆಯೇ ಎರಡನೆಯವರಾಗಿ ಬಂದವರು ಇವರು. ಮತ್ತೆ ನಿಂತರು. ಥಾಣೇದಾರ್ ಆಕ್ಷೇಪಣೆ ಸಲ್ಲಿಸಿದರು. ಚುನಾವಣೆಯ ಕೆಲಸ ನೋಡಿಕೊಳ್ಳುವ ವೇಯ್ನ್ ಕೌಂಟಿಯ ಕ್ಲರ್ಕ್ ಕಚೇರಿ ಒಂದೊಂದಾಗಿ ನೋಡಿದಾಗ ಸರಿಯಾದ ಸಹಿಗಳು 1,000ಕ್ಕೆ ಮುಟ್ಟಲಿಲ್ಲ. ಎಲ್ಲರೂ ಕಾಯುತ್ತಿದ್ದ ಮರುಪಂದ್ಯ ಅಲ್ಲಿಗೇ ಮುಗಿಯಿತು.

ಇನ್ನು ಮತಪತ್ರದ ವಿಷಯ. ಮಿಷಿಗನ್‌ನಲ್ಲಿ ಮತದಾರರು ಪಕ್ಷಕ್ಕೆ ನೋಂದಾಯಿಸಿಕೊಳ್ಳುವ ಪದ್ಧತಿ ಇಲ್ಲ. "ನಾನು ಯಾವ ಪಕ್ಷದ ಸದಸ್ಯನೂ ಅಲ್ಲ, ನನಗೆ ಪ್ರೈಮರಿ ಇಲ್ಲ" ಅಂತ ಎಷ್ಟೋ ಜನ ನನ್ನ ಬಳಿ ಹೇಳಿದ್ದಾರೆ. ತಪ್ಪು ತಿಳಿವಳಿಕೆ. ಆಗಸ್ಟ್‌ನಲ್ಲಿ ಎಲ್ಲ ಮತದಾರರಿಗೂ ಒಂದೇ ಹಾಳೆ ಕೊಡುತ್ತಾರೆ. ಅದರಲ್ಲಿ ಪಕ್ಷಗಳ ಅಂಕಣಗಳು ಅಕ್ಕಪಕ್ಕ ಇರುತ್ತವೆ. ನಿಮಗೆ ಬೇಕಾದ ಪಕ್ಷದ ಅಂಕಣ ಆರಿಸಿಕೊಳ್ಳಿ. ಯಾವುದು ಆರಿಸಿದಿರಿ ಅಂತ ಯಾರೂ ಕೇಳುವುದಿಲ್ಲ, ಎಲ್ಲೂ ದಾಖಲಾಗುವುದಿಲ್ಲ. ರಾಷ್ಟ್ರಾಧ್ಯಕ್ಷರ ಪ್ರೈಮರಿಯೇ ಬೇರೆ. ಅಲ್ಲಿ ಯಾವ ಪಕ್ಷದ ಹಾಳೆ ಬೇಕು ಅಂತ ಬರೆದು ಕೊಡಬೇಕು. ಆಗಸ್ಟ್‌ನಲ್ಲಿ ಆ ಮುಜುಗರ ಇಲ್ಲ.

ಆದರೆ ಒಂದು ಕಟ್ಟುನಿಟ್ಟು ಇದೆ. ಒಂದು ಅಂಕಣ ಹಿಡಿದ ಮೇಲೆ ಕೊನೆಯವರೆಗೂ ಅದರಲ್ಲೇ ಇರಬೇಕು.

ನಾನು ಮತಗಟ್ಟೆಯಲ್ಲಿ ಕೆಲಸ ಮಾಡುತ್ತಿದ್ದೆ. ಶಾಲೆಯ ಜಿಮ್‌ನಲ್ಲಿ ಮತಗಟ್ಟೆ. ವಯಸ್ಸಾದ ಒಬ್ಬರು, ನಮ್ಮ ಕಡೆಯವರೇ, ಹಾಳೆ ತಂದು ಯಂತ್ರಕ್ಕೆ ಹಾಕಿದರು. ಯಂತ್ರ ನುಂಗಲಿಲ್ಲ, ಪರದೆ ಮೇಲೆ ಎಚ್ಚರಿಕೆ ಬಂತು. ಎರಡೂ ಪಕ್ಷಗಳ ಅಂಕಣದಲ್ಲಿ ಗುರುತು ಬಿದ್ದಿದೆ ಅಂತ. ಅವರು ಗಾಬರಿಯಾದರು. "ಏನಮ್ಮಾ, ಗವರ್ನರ್‌ಗೆ ಒಬ್ಬರು ಒಳ್ಳೆಯವರು ಅನ್ನಿಸಿದರು, ಹೌಸ್‌ಗೆ ಇನ್ನೊಬ್ಬರು. ಅದರಲ್ಲಿ ತಪ್ಪೇನಿದೆ?" ಅಂದರು. "ತಪ್ಪೇನಿಲ್ಲ ಅಂಕಲ್, ನವೆಂಬರ್‌ನಲ್ಲಿ ಹಾಗೇ ಹಾಕಬಹುದು. ಇವತ್ತು ಆಗಲ್ಲ. ಇವತ್ತು ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸ್ತಾ ಇದೆ" ಅಂದೆ. ಹಳೆಯ ಹಾಳೆ ರದ್ದು ಮಾಡಿ ಹೊಸದು ಕೊಟ್ಟೆವು. ಅವರು ಮರೆಯ ಹಿಂದೆ ಹೋಗಿ ತುಂಬಾ ಹೊತ್ತು ಯೋಚಿಸಿ ಬಂದರು. ಎರಡನೇ ಸಲ ಯಂತ್ರ ತೆಗೆದುಕೊಂಡಿತು.

ಅವರು ಖುದ್ದಾಗಿ ಬಂದಿದ್ದರಿಂದ ಸರಿಹೋಯಿತು. ಇದೇ ಹಾಳೆಯನ್ನು ಮನೆಯಲ್ಲಿ ತುಂಬಿಸಿ ಅಂಚೆಯಲ್ಲಿ ಕಳಿಸಿದ್ದರೆ? ಪಕ್ಷದ ಅಂಕಣಗಳ ಒಂದು ಮತವೂ ಎಣಿಕೆಗೆ ಬರುತ್ತಿರಲಿಲ್ಲ. ಶಾಲಾ ತೆರಿಗೆಯಂಥ ಪ್ರಸ್ತಾವನೆಗಳಿಗೆ, ಪಕ್ಷವಿಲ್ಲದ ಹುದ್ದೆಗಳಿಗೆ ಹಾಕಿದ ಮತ ಮಾತ್ರ ಉಳಿಯುತ್ತಿತ್ತು. ದಯವಿಟ್ಟು ನಿಮ್ಮ ಅಪ್ಪ ಅಮ್ಮಂದಿರಿಗೆ ಇದನ್ನು ಕೂತು ವಿವರಿಸಿ.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಪ್ರಸಂಗಕ್ಕೆ ಬರುತ್ತೇನೆ. 2018ರ ಆಗಸ್ಟ್ 7.

ಅದರ ಹಿಂದಿನ ಡಿಸೆಂಬರ್‌ನಲ್ಲಿ ಜಾನ್ ಕಾನ್ಯರ್ಸ್ ಲೈಂಗಿಕ ಕಿರುಕುಳದ ಆರೋಪಗಳ ನಡುವೆ ರಾಜೀನಾಮೆ ಕೊಟ್ಟಿದ್ದರು. ಆಗಿನ ಗವರ್ನರ್ ರಿಕ್ ಸ್ನೈಡರ್ ಉಪಚುನಾವಣೆಯನ್ನು ಬೇರೆಯಾಗಿ ಬೇಗ ನಡೆಸದೆ ಮಾಮೂಲಿ ಚುನಾವಣೆಯ ಜೊತೆಗೇ ಇಟ್ಟರು. ಆ ಕ್ಷೇತ್ರಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಸಂಸದರೇ ಇರಲಿಲ್ಲ. ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಮತದಾರರ ಮುಂದೆ ಒಂದೇ ಹಾಳೆಯಲ್ಲಿ ಎರಡು ಸ್ಪರ್ಧೆ ಬಂತು. ಒಂದು, ಕಾನ್ಯರ್ಸ್ ಅವರ ಅವಧಿಯಲ್ಲಿ ಉಳಿದ ಕೆಲವು ವಾರಗಳಿಗೆ. ಇನ್ನೊಂದು, ಜನವರಿಯಿಂದ ಶುರುವಾಗುವ ಪೂರ್ತಿ ಎರಡು ವರ್ಷಕ್ಕೆ. ಕ್ಷೇತ್ರ ಒಂದೇ, ದಿನ ಒಂದೇ, ಮತದಾರರೂ ಅವರೇ.

ಫಲಿತಾಂಶ ಎರಡು ಬಂತು. ಉಳಿದ ವಾರಗಳ ಸ್ಪರ್ಧೆಯಲ್ಲಿ ಡೆಟ್ರಾಯ್ಟ್ ನಗರಸಭೆಯ ಅಧ್ಯಕ್ಷೆ ಬ್ರೆಂಡಾ ಜೋನ್ಸ್ ಗೆದ್ದರು, ಸುಮಾರು 1,600 ಮತಗಳ ಅಂತರದಲ್ಲಿ. ಪೂರ್ತಿ ಅವಧಿಯ ಸ್ಪರ್ಧೆಯಲ್ಲಿ ರಶೀದಾ ತಲೀಬ್ ಗೆದ್ದರು, ಸುಮಾರು 900 ಮತಗಳ ಅಂತರದಲ್ಲಿ.

ಇದು ಹೇಗೆ ಸಾಧ್ಯ? ಮೊದಲನೆಯದರಲ್ಲಿ ನಾಲ್ಕು ಹೆಸರಿತ್ತು, ಎರಡನೆಯದರಲ್ಲಿ ಆರು. ಹೆಚ್ಚಾದ ಇಬ್ಬರಲ್ಲಿ ಒಬ್ಬರು ಕೋಲ್ಮನ್ ಯಂಗ್ ಅವರ ಮಗ. ಡೆಟ್ರಾಯ್ಟ್‌ನ ಮೊದಲ ಆಫ್ರಿಕನ್ ಅಮೆರಿಕನ್ ಮೇಯರ್ ಆಗಿದ್ದ ಕೋಲ್ಮನ್ ಯಂಗ್ ಹೆಸರಿಗೆ ಆ ಊರಿನಲ್ಲಿ ಇವತ್ತಿಗೂ ತೂಕ ಇದೆ. ಆ ಇಬ್ಬರಿಗೆ ಹೋದ ಮತಗಳಲ್ಲಿ ಜಾಸ್ತಿ ಪಾಲು ಜೋನ್ಸ್ ಅವರ ಬುಟ್ಟಿಯಿಂದಲೇ ಹೋದಂತೆ ಕಾಣುತ್ತದೆ. ಇಲ್ಲಿ ಎರಡನೇ ಸುತ್ತು ಇಲ್ಲ, ಅರ್ಧಕ್ಕಿಂತ ಹೆಚ್ಚು ಮತ ಬೇಕು ಅನ್ನುವ ನಿಯಮವೂ ಇಲ್ಲ. ಎಲ್ಲರಿಗಿಂತ ಒಂದು ಮತ ಮುಂದಿದ್ದರೆ ಸಾಕು. ತಲೀಬ್ ಅವರಿಗೆ ಬಂದದ್ದು ಶೇ. 31. ನವೆಂಬರ್‌ನಲ್ಲಿ ಪೂರ್ತಿ ಅವಧಿಗೆ ಅವರ ಎದುರು ರಿಪಬ್ಲಿಕನ್ ಅಭ್ಯರ್ಥಿಯೇ ಇರಲಿಲ್ಲ. ಮಿನೆಸೋಟದ ಇಲ್ಹಾನ್ ಒಮರ್ ಜೊತೆ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಂ ಮಹಿಳೆಯರಲ್ಲಿ ಒಬ್ಬರಾದರು. ಜೋನ್ಸ್ ಐದು ವಾರ ಸಂಸದೆಯಾಗಿದ್ದು ಕೆಳಗಿಳಿದರು. 2020ರಲ್ಲಿ ಇಬ್ಬರೇ ಎದುರುಬದುರಾದಾಗ ತಲೀಬ್ ದೊಡ್ಡ ಅಂತರದಲ್ಲಿ ಗೆದ್ದರು ಅನ್ನುವುದನ್ನೂ ಹೇಳಬೇಕು.

900 ಮತ ಅಂದರೆ ಎಷ್ಟು? ನಮ್ಮ ಯುಗಾದಿ ಕಾರ್ಯಕ್ರಮಗಳಿಗೆ ಬಂದವರನ್ನು ಒಟ್ಟು ಲೆಕ್ಕ ಹಾಕಿ.

2022ರ ಥಾಣೇದಾರ್ ಗೆಲುವನ್ನು ಈ ಬೆಳಕಿನಲ್ಲಿ ಮತ್ತೆ ನೋಡಿ. ಡೆಟ್ರಾಯ್ಟ್‌ನ ಮುಕ್ಕಾಲು ಭಾಗಕ್ಕೂ ಹೆಚ್ಚು ಜನ ಆಫ್ರಿಕನ್ ಅಮೆರಿಕನ್ನರು. 1955ರಿಂದ ಆ ಊರಿಗೆ ಒಬ್ಬರಾದರೂ ಆಫ್ರಿಕನ್ ಅಮೆರಿಕನ್ ಸಂಸದರು ಇದ್ದೇ ಇದ್ದರು. ಇದು ಕೈತಪ್ಪಬಾರದು ಅಂತ ಸಮುದಾಯದ ಮುಖಂಡರು ಸೇರಿ ಹಾಲಿಯರ್ ಒಬ್ಬರ ಹಿಂದೆ ನಿಲ್ಲೋಣ ಅಂದರು. ಉಳಿದವರು ಹಿಂದೆ ಸರಿಯಲಿಲ್ಲ, ಮತ ಹಂಚಿಹೋಯಿತು. ಸುಮಾರು ಎಪ್ಪತ್ತು ವರ್ಷಗಳ ಪರಂಪರೆ ನಿಂತಿತು. ಆ ನೋವು ನಿಜವಾದದ್ದು. ನಮ್ಮ ಕಡೆಯವರು ಗೆದ್ದರು ಅಂತ ಚಪ್ಪಾಳೆ ಹೊಡೆಯುವಾಗ ಪಕ್ಕದ ಮನೆಯವರಿಗೆ ಏನು ತಪ್ಪಿಹೋಯಿತು ಅನ್ನುವುದೂ ನಮಗೆ ಗೊತ್ತಿರಬೇಕು ಅಂತ ನಾನು ನಂಬುತ್ತೇನೆ. ಥಾಣೇದಾರ್ ನಿಯಮದ ಪ್ರಕಾರವೇ ಗೆದ್ದರು, ಅದರಲ್ಲಿ ಎರಡು ಮಾತಿಲ್ಲ. 2024ರ ಪ್ರೈಮರಿಯಲ್ಲಿ ಅರ್ಧಕ್ಕೂ ಜಾಸ್ತಿ ಮತ ಪಡೆದೇ ಗೆದ್ದರು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ 2025–26ರ ಅವಧಿಯಲ್ಲಿ ಪ್ರೈಮರಿಗೆ 3,500 ಡಾಲರ್, ನವೆಂಬರ್‌ಗೆ ಇನ್ನೊಂದು 3,500 ಡಾಲರ್ ಕೊಡಬಹುದು. ಅಭ್ಯರ್ಥಿ ತನ್ನ ಜೇಬಿನಿಂದ ಎಷ್ಟು ಬೇಕಾದರೂ ಹಾಕಬಹುದು. ಸೂಪರ್ ಪ್ಯಾಕ್ ಅನ್ನುವ ಹೊರಗಿನ ಗುಂಪುಗಳಿಗೂ ಮಿತಿ ಇಲ್ಲ. 2022ರ 13ನೇ ಕ್ಷೇತ್ರದಲ್ಲಿ ಥಾಣೇದಾರ್ ಸ್ವಂತದ ಹತ್ತಾರು ಲಕ್ಷ ಡಾಲರ್ ಸುರಿದರು. ಇಸ್ರೇಲ್ ಪರ ಲಾಬಿ ಸಂಸ್ಥೆ ಐಪ್ಯಾಕ್‌ನ ಸೂಪರ್ ಪ್ಯಾಕ್ ಹಾಲಿಯರ್ ಪರವಾಗಿ ಸುಮಾರು 40 ಲಕ್ಷ ಡಾಲರ್ ಖರ್ಚು ಮಾಡಿತು. ಕಡಿಮೆ ಜನ ಮತ ಹಾಕುವ ಚುನಾವಣೆಯಲ್ಲಿ ಈ ದುಡ್ಡಿಗೆ ಬಲ ಜಾಸ್ತಿ. ಅದೇ ಕಾರಣಕ್ಕೆ ಅದು ಆಗಸ್ಟ್‌ಗೇ ಬರುತ್ತದೆ.

ಗ್ರ್ಯಾಂಡ್ ರ‍್ಯಾಪಿಡ್ಸ್ ಕಡೆ ನಡೆದದ್ದು ಇನ್ನೂ ವಿಚಿತ್ರ. ಪೀಟರ್ ಮೈಯರ್ ಅಲ್ಲಿನ ರಿಪಬ್ಲಿಕನ್ ಸಂಸದ. ನಾವೆಲ್ಲ ವಾರವಾರ ಸಾಮಾನು ತರುವ ಮೈಯರ್ ಅಂಗಡಿಗಳ ಕುಟುಂಬದವರು. 2021ರ ಜನವರಿ 3ರಂದು ಪ್ರಮಾಣವಚನ ತೆಗೆದುಕೊಂಡರು. ಹತ್ತು ದಿನಕ್ಕೆ ಡೊನಾಲ್ಡ್ ಟ್ರಂಪ್ ಮೇಲಿನ ಮಹಾಭಿಯೋಗಕ್ಕೆ ಮತ ಹಾಕಿದರು. ಆ ಪಕ್ಷದಿಂದ ಹಾಗೆ ಹಾಕಿದವರು ಹತ್ತೇ ಜನ. 2022ರ ಪ್ರೈಮರಿಯಲ್ಲಿ ಅವರ ಎದುರು ಟ್ರಂಪ್ ಬೆಂಬಲದ ಜಾನ್ ಗಿಬ್ಸ್ ನಿಂತರು. ಗಿಬ್ಸ್ ಬಳಿ ದುಡ್ಡಿರಲಿಲ್ಲ. ಆಗ ಟಿವಿಯಲ್ಲಿ ಒಂದು ಜಾಹೀರಾತು ಬರತೊಡಗಿತು. ಗಿಬ್ಸ್ ಟ್ರಂಪ್‌ಗೆ ಎಷ್ಟು ಹತ್ತಿರದವರು, ಎಂಥ ಕಟ್ಟಾ ಸಂಪ್ರದಾಯವಾದಿ ಅಂತ. ಮೇಲ್ನೋಟಕ್ಕೆ ಟೀಕೆ. ರಿಪಬ್ಲಿಕನ್ ಮತದಾರರ ಕಿವಿಗೆ ಅದು ಹೊಗಳಿಕೆ. 4 ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚಿನ ಆ ಜಾಹೀರಾತು ಕೊಟ್ಟದ್ದು ಡೆಮಾಕ್ರಟಿಕ್ ಪಕ್ಷದ ಸಂಸತ್ ಚುನಾವಣಾ ಸಮಿತಿ. ಗಿಬ್ಸ್ ಬಂದರೆ ನವೆಂಬರ್‌ನಲ್ಲಿ ಸೋಲಿಸುವುದು ಸುಲಭ ಅನ್ನುವ ಲೆಕ್ಕ. ಮೈಯರ್ 4,000ಕ್ಕೂ ಕಡಿಮೆ ಮತಗಳಲ್ಲಿ ಸೋತರು. ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಸ್ಕೋಲ್ಟನ್ ಗೆದ್ದರು.

ಲೆಕ್ಕ ಫಲಿಸಿತು. ಆದರೂ ಅದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ಪ್ರಜಾಪ್ರಭುತ್ವಕ್ಕೆ ಅಪಾಯ ಅಂತ ಯಾರನ್ನು ಕರೆಯುತ್ತೀರೋ ಅವರನ್ನೇ ದುಡ್ಡು ಕೊಟ್ಟು ಮುಂದೆ ತಳ್ಳುವುದು ದೊಡ್ಡ ಜೂಜು. ಮನಸ್ಸಾಕ್ಷಿಗೆ ಮತ ಹಾಕಿದ ಎದುರು ಪಕ್ಷದವರಿಗೆ ಅದರಿಂದ ಹೋದ ಸಂದೇಶವೂ ಕೆಟ್ಟದ್ದು.

ಇನ್ನೊಂದು ವಿಷಯ, ಗಡಿ. ಮೊದಲು ಕ್ಷೇತ್ರಗಳ ನಕ್ಷೆಯನ್ನು ಶಾಸಕರೇ ಬರೆಯುತ್ತಿದ್ದರು. 2018ರಲ್ಲಿ ಮತದಾರರೇ ರಾಜ್ಯದ ಸಂವಿಧಾನ ತಿದ್ದಿ ಆ ಕೆಲಸವನ್ನು 13 ಸಾಮಾನ್ಯ ನಾಗರಿಕರ ಆಯೋಗಕ್ಕೆ ಕೊಟ್ಟರು. ಅದರಲ್ಲಿ 4 ಡೆಮಾಕ್ರಟರು, 4 ರಿಪಬ್ಲಿಕನ್ನರು, 5 ಯಾವ ಪಕ್ಷಕ್ಕೂ ಸೇರದವರು. ಅರ್ಜಿ ಹಾಕಿದವರಿಂದ ಚೀಟಿ ಎತ್ತಿ ಆರಿಸುತ್ತಾರೆ. ಕೇಟಿ ಫೇಹಿ ಅನ್ನುವ ಯುವತಿ 2016ರಲ್ಲಿ ಫೇಸ್‌ಬುಕ್‌ನಲ್ಲಿ ಹಾಕಿದ ಒಂದು ಪೋಸ್ಟ್‌ನಿಂದ ಶುರುವಾದ ಚಳವಳಿ ಅದು. ಹೊಸ ನಕ್ಷೆಯಲ್ಲಿ 2022ರಲ್ಲಿ ಡೆಮಾಕ್ರಟರು 7, ರಿಪಬ್ಲಿಕನ್ನರು 6 ಗೆದ್ದರು. 2024ರಲ್ಲಿ ಉಲ್ಟಾ. ಆದರೆ ಜನಗಣತಿಯಿಂದ ರಾಜ್ಯಕ್ಕೆ ಒಂದು ಸ್ಥಾನ ಕಡಿಮೆಯಾಗಿದ್ದರಿಂದ ಕೆಲವು ಕಡೆ ಇಬ್ಬರು ಹಾಲಿ ಸಂಸದರು ಒಂದೇ ಕ್ಷೇತ್ರಕ್ಕೆ ಬಂದುಬಿದ್ದರು. ಫಾರ್ಮಿಂಗ್ಟನ್ ಹಿಲ್ಸ್, ರಾಯಲ್ ಓಕ್ ಇರುವ 11ನೇ ಕ್ಷೇತ್ರದಲ್ಲಿ ಹೇಲಿ ಸ್ಟೀವನ್ಸ್ ಮತ್ತು ಆಂಡಿ ಲೆವಿನ್ ಒಂದೇ ಪಕ್ಷದವರಾಗಿದ್ದೂ ಹೋರಾಡಬೇಕಾಯಿತು. ಸ್ಟೀವನ್ಸ್ ಗೆದ್ದರು. ನಮ್ಮವರು ಬಹಳಷ್ಟು ಜನ ಇರುವ ಪ್ರದೇಶ ಅದು. ಆ ಆಗಸ್ಟ್‌ನಲ್ಲಿ ನಮ್ಮಲ್ಲಿ ಎಷ್ಟು ಜನ ಹೋಗಿದ್ದೆವು?

ಸೋತವರು ಬಂಡಾಯ ನಿಲ್ಲುವುದಿಲ್ಲವಾ ಅಂತ ನಿಮಗೆ ಅನ್ನಿಸಿರಬಹುದು. ಇಲ್ಲಿ ಅದಕ್ಕೆ ದಾರಿ ಮುಚ್ಚಿದೆ. ಆಗಸ್ಟ್‌ನಲ್ಲಿ ಸೋತವರ ಹೆಸರನ್ನು ನವೆಂಬರ್ ಮತಪತ್ರದಲ್ಲಿ ಪಕ್ಷೇತರರಾಗಿ ಮುದ್ರಿಸುವಂತಿಲ್ಲ.

ಇಷ್ಟು ನನ್ನ ಮಾತು. ಇನ್ನು ಪ್ರಶ್ನೆಗಳು.

"ಕುಟುಂಬ ರಾಜಕೀಯ ಇಲ್ಲೂ ಇದೆಯಾ?" ಅಂತ ಒಬ್ಬರು ಕೇಳಿದರು.

ಇದೆ. ಡಿಂಗೆಲ್ ಮನೆತನ ಮಿಷಿಗನ್‌ನಿಂದ 1933ರಿಂದ ಇವತ್ತಿನವರೆಗೂ ಹೌಸ್‌ನಲ್ಲಿದೆ. ಮೊದಲು ಅಪ್ಪ, ಆಮೇಲೆ ಮಗ ಜಾನ್ ಡಿಂಗೆಲ್, 2015ರಿಂದ ಅವರ ಹೆಂಡತಿ ಡೆಬ್ಬಿ ಡಿಂಗೆಲ್. ಜಾನ್ 59 ವರ್ಷ ಇದ್ದರು, ಅಮೆರಿಕದ ಸಂಸತ್ತಿನಲ್ಲಿ ಅಷ್ಟು ದೀರ್ಘಕಾಲ ಯಾರೂ ಇದ್ದಿಲ್ಲ. ಆದರೆ ಮೂವರೂ ಪ್ರೈಮರಿ ದಾಟಿಯೇ ಹೋಗಬೇಕಿತ್ತು. 2002ರಲ್ಲಿ ಗಡಿ ಬದಲಾದಾಗ ಜಾನ್ ಅವರು ತಮ್ಮದೇ ಪಕ್ಷದ ಇನ್ನೊಬ್ಬ ಸಂಸದೆ ಲಿನ್ ರಿವರ್ಸ್ ಎದುರು ಸೆಣಸಿ ಉಳಿದುಕೊಂಡರು.

"ನನ್ನದು ಇನ್ನೂ ಗ್ರೀನ್ ಕಾರ್ಡ್. ನಾನೇನು ಮಾಡಬಹುದು?" ಅಂತ ಒಬ್ಬ ಹುಡುಗಿ ಕೇಳಿದಳು.

ಮತ ಹಾಕುವಂತಿಲ್ಲ, ನೋಂದಣಿ ಅರ್ಜಿಗೂ ಕೈ ಹಚ್ಚಬೇಡ. ಅದರಿಂದ ನಿನ್ನ ಪೌರತ್ವಕ್ಕೇ ಕುತ್ತು ಬರಬಹುದು. ಸಹಿ ಸಂಗ್ರಹಕ್ಕೂ ಪೌರತ್ವ ಬೇಕು. ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು, ಎಚ್-1ಬಿ ವೀಸಾದವರು ಅದನ್ನೂ ಕೊಡುವಂತಿಲ್ಲ. ಸ್ವಯಂಸೇವೆಗೆ ಅಡ್ಡಿಯಿಲ್ಲ. ಮನೆಮನೆಗೆ ಹೋಗಿ ಮಾತಾಡು, ಫೋನ್ ಮಾಡು.

"ನಮ್ಮ ಕ್ಷೇತ್ರದಲ್ಲಿ ಯಾವಾಗಲೂ ಒಂದೇ ಪಕ್ಷ ಗೆಲ್ಲುತ್ತದೆ. ನಾನು ಆ ಪಕ್ಷದವನಲ್ಲ. ಆಗಸ್ಟ್‌ನಲ್ಲಿ ಏನು ಮಾಡಲಿ?"

ಆ ಪಕ್ಷದ ಅಂಕಣದಲ್ಲೇ ಮತ ಹಾಕಿ. ಕಾನೂನು ಒಪ್ಪುತ್ತದೆ. ನಿಮ್ಮನ್ನು ಎರಡು ವರ್ಷ ಪ್ರತಿನಿಧಿಸುವವರು ಅಲ್ಲಿಂದಲೇ ಬರುವವರು, ಹಾಗಾಗಿ ಅವರಲ್ಲಿ ಯಾರು ಮೇಲು ಅಂತ ಹೇಳುವ ಹಕ್ಕು ನಿಮಗೂ ಇದೆ. ಆದರೆ ಪಕ್ಷವನ್ನು ಕೆಡಿಸಲೆಂದು ದುರ್ಬಲರನ್ನು ಹುಡುಕಿ ಹಾಕಬೇಡಿ. ಅವರೇ ಗೆದ್ದುಬಿಟ್ಟರೆ ನಿಮ್ಮ ಸಂಸದರೂ ಅವರೇ.

ಕೊನೆಯದಾಗಿ ಹಿರಿಯರೊಬ್ಬರು, "ನನಗೆ ಮಂಡಿನೋವು, ಸಾಲಿನಲ್ಲಿ ನಿಲ್ಲಲು ಆಗಲ್ಲಮ್ಮ" ಅಂದರು.

ನಿಲ್ಲಬೇಕಾಗಿಯೇ ಇಲ್ಲ ಆಂಟಿ. ನಿಮ್ಮ ಸಿಟಿ ಅಥವಾ ಟೌನ್‌ಶಿಪ್ ಕ್ಲರ್ಕ್ ಕಚೇರಿಗೆ ಒಂದು ಅರ್ಜಿ ಕೊಟ್ಟರೆ ಪ್ರತಿ ಚುನಾವಣೆಗೂ ಮತಪತ್ರ ಮನೆಗೇ ಬರುತ್ತದೆ. ಕಾರಣ ಹೇಳಬೇಕಾಗಿಲ್ಲ. ಒಂದೇ ಪಕ್ಷದ ಅಂಕಣದಲ್ಲಿ ಗುರುತು ಮಾಡಿ, ಹಾಳೆಯ ಹಿಂಬದಿಯನ್ನೂ ನೋಡಿ. ಲಕೋಟೆಯ ಮೇಲೆ ನಿಮ್ಮ ಸಹಿ ಹಾಕುವುದನ್ನು ಮರೆಯಬೇಡಿ, ಅದು ಇಲ್ಲದಿದ್ದರೆ ಎಣಿಸುವುದಿಲ್ಲ. ಚುನಾವಣೆಯ ದಿನ ರಾತ್ರಿ 8 ಗಂಟೆಯೊಳಗೆ ಕ್ಲರ್ಕ್ ಕೈ ಸೇರಬೇಕು. ಕೊನೆಯ ವಾರ ಅಂಚೆಯನ್ನು ನಂಬಬೇಡಿ, ಮೊಮ್ಮಗನ ಕೈಯಲ್ಲಿ ಕೊಟ್ಟು ಡ್ರಾಪ್ ಬಾಕ್ಸ್‌ಗೆ ಹಾಕಿಸಿ.